ಮಿನೋಸ್ ಬೇರೆ, ಹೆಲೆನಾ ಬೇರೆ: ಬರ್ಡ್‌ವಿಂಗ್ ಚಿಟ್ಟೆಗಳ ಕುಲದ ಮೇಲೊಂದು ಟಿಪ್ಪಣಿ

ಮಲೆನಾಡಿನಲ್ಲಿ ಕೇಪಳದ ಹೂವಿಗೆ ಅಂಗೈ ಮೀರಿಸುವಷ್ಟು ಅಗಲದ ಕಪ್ಪು-ಹಳದಿ ಚಿಟ್ಟೆ ಬಂದರೆ ಹೆಸರಿಗಾಗಿ ತಡಕಾಡಬೇಕಿಲ್ಲ. ಅದು ಸದರ್ನ್ ಬರ್ಡ್‌ವಿಂಗ್, ನಮ್ಮ ರಾಜ್ಯ ಚಿಟ್ಟೆ, ವೈಜ್ಞಾನಿಕ ಹೆಸರು ಟ್ರಾಯ್ಡೀಸ್ ಮಿನೋಸ್. ಮೊದಲ ಪದ ಕುಲದ್ದು, ಎರಡನೆಯದು ಪ್ರಭೇದದ್ದು. ಈ ಕುಲದ ಬೇರೊಂದು ಪ್ರಭೇದ ಸಹ್ಯಾದ್ರಿಯಲ್ಲಿಲ್ಲ. ಫಜೀತಿ ಶುರುವಾಗುವುದು ಫೋಟೊ ಎಲ್ಲಿಯದು ಅಂತ ಗೊತ್ತಿಲ್ಲದಾಗ. ಮೊನ್ನೆ ಊರಿನ ಹೆಸರು ಮುಚ್ಚಿಟ್ಟುಕೊಂಡು ಹತ್ತು ಚಿತ್ರ ಗುರುತಿಸಲು ಕೂತೆ, ನಾಲ್ಕು ತಪ್ಪಿದವು. ಅದರಲ್ಲಿ ಮೂರು, ಮಿನೋಸ್‌ಗೆ ಇದೇ ಕುಲದ ಇನ್ನೊಂದು ಪ್ರಭೇದವಾದ ಹೆಲೆನಾ ಅಂದದ್ದು ಅಥವಾ ಹೆಲೆನಾಗೆ ಮಿನೋಸ್ ಅಂದದ್ದು. ಆಮೇಲೆ ತಿಳಿಯಿತು, ಇದೇ ಜೋಡಿ ದೊಡ್ಡ ದೊಡ್ಡವರನ್ನೂ ಸತಾಯಿಸಿದೆ.

ಮೊದಲು ಹೆಸರಿನ ಲೆಕ್ಕ ನೋಡೋಣ, ಹೆಚ್ಚು ಜನ ಎಡವುವುದು ಇಲ್ಲೇ. 1758ರಲ್ಲಿ ಸ್ವೀಡನ್ನಿನ ಜೀವಿವಿಜ್ಞಾನಿ ಲಿನೇಯಸ್ ಎಲ್ಲ ಚಿಟ್ಟೆಗಳನ್ನೂ ಪ್ಯಾಪಿಲಿಯೊ ಎಂಬ ಒಂದೇ ಕುಲಕ್ಕೆ ಹಾಕಿದ. ಹಾಗಾಗಿ ಹೆಲೆನಾ ಹುಟ್ಟಿದ್ದು ಪ್ಯಾಪಿಲಿಯೊ ಹೆಲೆನಾ ಆಗಿ. 1779ರಲ್ಲಿ ಡಚ್ ಕೀಟತಜ್ಞ ಕ್ರೇಮರ್ ಮಿನೋಸ್‌ಗೆ ಹೆಸರಿಟ್ಟದ್ದೂ ಪ್ಯಾಪಿಲಿಯೊ ಕುಲದೊಳಗೇ. ಟ್ರಾಯ್ಡೀಸ್ ಕುಲವನ್ನು ಜರ್ಮನ್ ಕೀಟತಜ್ಞ ಹ್ಯೂಬ್ನರ್ ಮಾಡಿದ್ದು 1819ರಲ್ಲಿ. ಪ್ರಭೇದ ಆಮೇಲೆ ಬೇರೆ ಕುಲಕ್ಕೆ ಹೋದರೆ, ಮೊದಲು ಹೆಸರಿಟ್ಟವನ ಹೆಸರು ಆವರಣ ಚಿಹ್ನೆಯೊಳಗೆ ಬರುತ್ತದೆ. ಮಿನೋಸ್ ಮುಂದೆ ಕ್ರೇಮರ್ ಹೆಸರಿಗೆ ಕಂಸ ಇರುವುದು ಅದಕ್ಕೇ, ಅಚ್ಚಿನ ಅಲಂಕಾರವಲ್ಲ. ಇನ್ನು ಟ್ರಾಯ್ಡೀಸ್ ಅಂದರೆ ಟ್ರಾಯ್ ನಗರದ ನಂಟು. ಹೆಲೆನಾ ಟ್ರಾಯ್ ಯುದ್ಧಕ್ಕೆ ಕಾರಣಳಾದ ಸುಂದರಿ, ಮಿನೋಸ್ ಕ್ರೀಟ್ ದ್ವೀಪದ ರಾಜ. ನಮ್ಮ ಕಾಡಿನ ಚಿಟ್ಟೆಯ ಹೆಸರು ಗ್ರೀಕರ ಪುರಾಣದ್ದು.

20ನೇ ಶತಮಾನದ ಎಷ್ಟೋ ಪುಸ್ತಕಗಳಲ್ಲಿ ನಮ್ಮ ಚಿಟ್ಟೆ 'ಟ್ರಾಯ್ಡೀಸ್ ಹೆಲೆನಾ ಮಿನೋಸ್', ಅಂದರೆ ಹೆಲೆನಾದ ಒಂದು ಉಪಪ್ರಭೇದ, ಒಂದೇ ಪ್ರಭೇದದ ಪ್ರಾದೇಶಿಕ ರೂಪ. ಹೆಲೆನಾವೇ ಮಿನೋಸ್‌ನ ಉಪಪ್ರಭೇದ ಯಾಕಾಗಲಿಲ್ಲ? 1758 ಮೊದಲು, 1779 ಆಮೇಲೆ, ಅಷ್ಟೇ. ಎರಡನ್ನು ಒಂದು ಮಾಡಿದರೆ ಉಳಿಯುವುದು ಹಳೆಯ ಹೆಸರು.

ಈಗ ಅಸಲು ಪ್ರಶ್ನೆ. ಎರಡು ಪ್ರಭೇದಗಳು ಬೇರೆಯೋ ಅಲ್ಲವೋ ಎಂದು ತಿಳಿಯಲು ಒಳ್ಳೆಯ ದಾರಿ, ಎರಡೂ ಒಂದೇ ಕಾಡಿನಲ್ಲಿ ಇರುವ ಕಡೆ ಹೋಗಿ ನೋಡುವುದು. ಸಿಕ್ಕಿಂ, ಅಸ್ಸಾಂ, ಮೇಘಾಲಯದ ಕಡೆ ಹೆಲೆನಾ ಮತ್ತು ಈಯೇಕಸ್ (ಗೋಲ್ಡನ್ ಬರ್ಡ್‌ವಿಂಗ್) ಎರಡೂ ಇವೆ. ಆದರೂ ಬೆರೆತು ಒಂದಾಗಿಲ್ಲ. ಅಲ್ಲಿಗೆ ವಾದ ಮುಗಿಯಿತು. ಮಿನೋಸ್ ವಿಷಯದಲ್ಲಿ ಈ ಪರೀಕ್ಷೆ ಮಾಡುವಂತೆಯೇ ಇಲ್ಲ. ಅದು ದಕ್ಷಿಣ ಮಹಾರಾಷ್ಟ್ರ, ಗೋವಾದಿಂದ ಕೇರಳ, ತಮಿಳುನಾಡಿನವರೆಗೆ, ಮುಖ್ಯವಾಗಿ ಸಹ್ಯಾದ್ರಿಯ ಚಿಟ್ಟೆ. ಹೆಲೆನಾ ಸಿಗುವುದು ಒಡಿಶಾ, ಬಂಗಾಳ, ಈಶಾನ್ಯದ ಕಡೆ. ನಡುವೆ ದಖ್ಖನಿನ ಒಣ ನೆಲ. ಭೇಟಿಯೇ ಆಗದವರು ಭೇಟಿಯಾದರೆ ಏನು ಮಾಡುತ್ತಿದ್ದರು ಅಂತ ಕೇಳಿದರೆ ಉತ್ತರ ಎಲ್ಲಿಂದ ತರುವುದು? ಆಗ ರೆಕ್ಕೆಯ ಗುರುತು, ಜನನಾಂಗದ ರಚನೆ, ಡಿಎನ್‌ಎ ಎಲ್ಲವನ್ನೂ ಗುಡ್ಡೆ ಹಾಕಿ ತೂಗಬೇಕು. ಇಂದಿನ ಪಟ್ಟಿಗಳು ಮಿನೋಸ್ ಅನ್ನು ಸ್ವತಂತ್ರ ಪ್ರಭೇದ ಎಂದೇ ಎಣಿಸುತ್ತವೆ. ನನಗೂ ಅದೇ ಸರಿ ಅನ್ನಿಸುತ್ತದೆ, ಆದರೆ ಇದು ತೀರ್ಪು, ಅಳತೆಯಲ್ಲ ಎಂಬುದು ನೆನಪಿರಲಿ.

ಹೆಲೆನಾದೊಳಗಿನ ಪ್ರಾದೇಶಿಕ ವ್ಯತ್ಯಾಸ ಇನ್ನೊಂದು ಕಥೆ. ಉತ್ತರ ಭಾರತದಿಂದ ಇಂಡೋಚೀನಾ ಕಡೆಗೆ ಸರ್ಬೆರಸ್, ಅಂಡಮಾನಿನಲ್ಲಿ ಹೆಲಿಕೊನಾಯ್ಡೀಸ್, ನಿಕೋಬಾರಿನಲ್ಲಿ ಫೆರಾರಿ, ಬೋರ್ನಿಯೊದಲ್ಲಿ ಮೊಸಿಕ್ಲಸ್, ಸುಲಾವೇಸಿಯಲ್ಲಿ ಹೆಫೀಸ್ಟಸ್. ದ್ವೀಪಕ್ಕೊಂದು ಹೆಸರು. ನಡುವೆ ಸಮುದ್ರ ಇದ್ದಾಗ ಚಿಟ್ಟೆಗಳು ತಮ್ಮ ತಮ್ಮಲ್ಲೇ ಕೂಡಿ ಹಳದಿಯ ಹರವು, ಕಪ್ಪು ಚುಕ್ಕೆಯ ಗಾತ್ರ ನಿಧಾನವಾಗಿ ಬೇರೆಯಾಗುತ್ತವೆ. ಶ್ರೀಲಂಕಾದ ಚಿಟ್ಟೆ ಮಾತ್ರ ಉಪಪ್ರಭೇದವಾಗಿ ಉಳಿಯಲಿಲ್ಲ. ಅದು ಡಾರ್ಸಿಯಸ್ ಎಂಬ ಬೇರೆಯೇ ಪ್ರಭೇದ, ಹಿಂದಿನ ರೆಕ್ಕೆಯಲ್ಲಿ ಹಳದಿ ಕಡಿಮೆ.

ಗುರುತು ಹಿಡಿಯುವವರಿಗೆ ಎರಡು ಮಾತು. ಒಂದು, ಗಂಡು-ಹೆಣ್ಣನ್ನು ಮೊದಲು ಬೇರ್ಪಡಿಸಿಕೊಳ್ಳಿ. ಗಂಡಿನ ಹಿಂದಿನ ರೆಕ್ಕೆಯಲ್ಲಿ ಹೊಳೆಯುವ ಹಳದಿ, ಅಂಚಿನಲ್ಲಷ್ಟೇ ಕಪ್ಪು. ಹೆಣ್ಣು ದೊಡ್ಡದು, ಹಳದಿಯ ನಡುವೆಯೂ ಕಪ್ಪು ಚುಕ್ಕೆಗಳ ಸಾಲು. ನನ್ನ ನಾಲ್ಕನೇ ತಪ್ಪು ಆದದ್ದು ಇಲ್ಲೇ, ಹೆಣ್ಣನ್ನು ಹೊಸ ಪ್ರಭೇದ ಅಂದುಕೊಂಡು ಸಂಭ್ರಮಪಟ್ಟಿದ್ದೆ! ಎರಡು, ಈಯೇಕಸ್ ಗಂಡಿನ ಹಿಂದಿನ ರೆಕ್ಕೆಯ ಅಂಚಿನ ಕಪ್ಪು ತ್ರಿಕೋನಗಳನ್ನು ಹಿಗ್ಗಿಸಿ ನೋಡಿ. ಒಳಬದಿಗೆ ಕಾಡಿಗೆ ಬೆರಳಲ್ಲಿ ಒರೆಸಿದಂತೆ ಕಪ್ಪು ಪುಡಿ ಹರಡಿರುತ್ತದೆ. ಹೆಲೆನಾದಲ್ಲಿ ಆ ಹಳದಿ ಚೊಕ್ಕ. ಹೂವಿನ ಮೇಲೂ ಈ ಚಿಟ್ಟೆಗಳು ಮುಂದಿನ ರೆಕ್ಕೆ ಬಡಿಯುತ್ತಲೇ ಇರುತ್ತವೆ, ಹಾಗಾಗಿ ಶಟರ್ ವೇಗ ಹೆಚ್ಚಿಡಿ. ಮುಂದಿನ ರೆಕ್ಕೆ ಮಸುಕಾದರೂ ಚಿಂತೆಯಿಲ್ಲ, ಬೇಕಾದ ಗುರುತು ಹಿಂದಿನದರಲ್ಲಿದೆ.

ಮರಿಹುಳುಗಳ ಊಟ ಈಶ್ವರಬಳ್ಳಿಯ ಬಳಗದ ಗಿಡಗಳು. ಅವುಗಳ ವಿಷ ಚಿಟ್ಟೆಯ ಮೈಗೂ ಬರುತ್ತದೆ.

ಗಾತ್ರವನ್ನು ನಂಬಿ ಪ್ರಭೇದ ಹೇಳಬೇಡಿ, ಹುಳುವಿಗೆ ಸಿಕ್ಕ ಸೊಪ್ಪಿನ ಮೇಲೂ ಅದು ನಿಂತಿರುತ್ತದೆ. ಆದರೂ ದಾಖಲೆಯ ಕಥೆ ಸ್ವಾರಸ್ಯದ್ದು. 1932ರಲ್ಲಿ ಬ್ರಿಗೇಡಿಯರ್ ಇವಾನ್ಸ್ ದಾಖಲಿಸಿದ 190 ಮಿ.ಮೀ. ಅಗಲದ ಸದರ್ನ್ ಬರ್ಡ್‌ವಿಂಗ್ ಭಾರತದ ಅತಿ ದೊಡ್ಡ ಚಿಟ್ಟೆ ಅನ್ನಿಸಿಕೊಂಡಿತ್ತು. 2020ರಲ್ಲಿ ಉತ್ತರಾಖಂಡದ ದೀದಿಹಾಟ್‌ನ 194 ಮಿ.ಮೀ. ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣು ಅದನ್ನು ಹಿಂದಿಕ್ಕಿತು. ಹಳೆಯ ವರ್ಗೀಕರಣವೇ ನಿಂತಿದ್ದರೆ, ಅಷ್ಟು ವರ್ಷದ ಆ ಪಟ್ಟ ಪ್ರಭೇದದ ಲೆಕ್ಕದಲ್ಲಿ ಹೆಲೆನಾಗೆ ಹೋಗುತ್ತಿತ್ತು.