ಹಾಸಿಗೆ ಹಿಡಿದ ಹಿರಿಯರ ಆರೈಕೆ: ಯಾರ ಮಾತು ಕೇಳಬೇಕು?

ಪ್ರಶ್ನೆ: ಲಕ್ವ ಹೊಡೆದು ನಮ್ಮ ತಂದೆಯವರು ಹಾಸಿಗೆ ಹಿಡಿದಿದ್ದಾರೆ. ಹಾಸನದ ಏಜೆನ್ಸಿಯೊಂದರಿಂದ ಹೋಮ್ ನರ್ಸ್ ಬರುತ್ತಾರೆ. ಅವರು ಒಂದು ಹೇಳಿದರೆ ಮನೆಯ ಹಿರಿಯರು ಇನ್ನೊಂದು ಹೇಳುತ್ತಾರೆ. ಆರೈಕೆಗೂ ಪುರಾವೆ ಆಧಾರಿತ ಮಾರ್ಗಸೂಚಿಗಳಿವೆಯಂತೆ. ಅವು ನಮ್ಮಂಥವರ ಉಪಯೋಗಕ್ಕೆ ಬರುತ್ತವೆಯೇ?
– ಸಕಲೇಶಪುರ ತಾಲ್ಲೂಕಿನ ಓದುಗರು

ಉತ್ತರ: ಬರುತ್ತವೆ. ಒಂದು ಆರೈಕೆ ಕ್ರಮದ ಬಗ್ಗೆ ನಡೆದಿರುವ ಅಧ್ಯಯನಗಳನ್ನು ಕಲೆಹಾಕಿ, ಅವುಗಳಲ್ಲಿ ಯಾವುದನ್ನು ಎಷ್ಟು ನಂಬಬಹುದೆಂದು ತೂಗಿ ನೋಡಿ, ತಜ್ಞರ ಜೊತೆಗೆ ಆರೈಕೆ ಪಡೆಯುವವರನ್ನೂ ಮನೆಯವರನ್ನೂ ಸಮಿತಿಯಲ್ಲಿ ಕೂರಿಸಿಕೊಂಡು ಬರೆದ ಸಲಹೆಗಳೇ ಈ ಮಾರ್ಗಸೂಚಿಗಳು. ಇಂಗ್ಲೆಂಡಿನಲ್ಲಿ 1999ರಲ್ಲಿ ಸ್ಥಾಪನೆಯಾದ ನೈಸ್ ಎಂಬ ಸಂಸ್ಥೆ ಈ ಕೆಲಸ ಮಾಡುತ್ತದೆ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಓಡಾಡಲು ಆಸರೆಯಾಗುವುದು ಮುಂತಾದ ಸಾಮಾಜಿಕ ಆರೈಕೆಯ ಹೊಣೆ 2013ರಲ್ಲಿ ಅದಕ್ಕೆ ಸೇರಿತು.

ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿ, ಒತ್ತಡ ಬಿದ್ದ ಜಾಗದಲ್ಲಿ ಆಗುವ ಹಾಸಿಗೆ ಹುಣ್ಣಿನ ವಿಚಾರವನ್ನೇ ನೋಡಿ. ಸೊಂಟದ ಹಿಂಭಾಗ ಕೆಂಪಾದರೆ ಕೊಬ್ಬರಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕುವವರು ನಮ್ಮಲ್ಲಿ ಬಹಳ ಮಂದಿ. ಹುಣ್ಣು ತಡೆಯಲೆಂದು ಚರ್ಮವನ್ನು ತಿಕ್ಕುವುದಾಗಲಿ ನೀವುವುದಾಗಲಿ ಬೇಡ ಎಂದು ನೈಸ್‌ನ 2014ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಹುಣ್ಣಾಗುವ ಅಪಾಯವಿರುವವರ ಮಗ್ಗುಲನ್ನು ಕನಿಷ್ಠ 6 ಗಂಟೆಗೊಮ್ಮೆ, ಹೆಚ್ಚಿನ ಅಪಾಯವಿರುವವರದನ್ನು ಕನಿಷ್ಠ 4 ಗಂಟೆಗೊಮ್ಮೆ ಬದಲಿಸಬೇಕೆಂದೂ ಅದರಲ್ಲಿದೆ. ನಮ್ಮ ಆಸ್ಪತ್ರೆಗಳಲ್ಲಿ 2 ಗಂಟೆಗೊಮ್ಮೆ ಎಂದು ಹೇಳಿ ಕಳಿಸುವ ವಾಡಿಕೆಗೆ ಇದು ವಿರುದ್ಧವಲ್ಲ. ಇದಕ್ಕಿಂತ ತಡವಾಗಬಾರದು ಎಂಬ ಮಿತಿ ಅಷ್ಟೆ. ನಿಮ್ಮ ವೈದ್ಯರು 2 ಗಂಟೆ ಎಂದಿದ್ದರೆ ಅದನ್ನೇ ಪಾಲಿಸಿ. ಕೆಂಪಾದ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟಾಗ ಬಣ್ಣ ತಿಳಿಯಾಗದಿದ್ದರೆ ಹುಣ್ಣು ಶುರುವಾಗುತ್ತಿದೆ ಎಂದು ತಿಳಿದು ವೈದ್ಯರಿಗೆ ತೋರಿಸಬೇಕು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣಿಸದೇ ಇರಬಹುದಾದ್ದರಿಂದ ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಟ್ಟು ನೋಡಬೇಕು.

ಬೇರೆ ದೇಶದ ಸಲಹೆಯನ್ನು ನಮ್ಮ ಮನೆಗೆ ಹೊಂದಿಸಿಕೊಳ್ಳುವ ಕೆಲಸ ಮಾತ್ರ ನಮ್ಮದೇ. ಮಲೆನಾಡಿನ ಮಳೆಗಾಲದಲ್ಲಿ ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ. ಅರೆ ಒಣಗಿದ ಹಾಸುಬಟ್ಟೆಯ ತೇವ, ಅದರ ಮೇಲೆ ಮೂತ್ರದ ತೇವ, ಎರಡೂ ಸೇರಿದರೆ ಚರ್ಮ ಬೇಗ ಕೆಡುತ್ತದೆ. ಜೂನ್‌ಗೆ ಮೊದಲೇ ಹತ್ತಿಯ ಹಾಸುಬಟ್ಟೆಗಳನ್ನು ಹೆಚ್ಚಾಗಿ ಹೊಂದಿಸಿಟ್ಟುಕೊಳ್ಳುವುದು ಹುಣ್ಣು ತಡೆಯಲೆಂದು ಹಾಸುವ ದುಬಾರಿ ಏರ್ ಬೆಡ್‌ನಷ್ಟೇ (ಗಾಳಿ ತುಂಬಿದ ಹಾಸಿಗೆ) ಮುಖ್ಯವೆಂದು ನನ್ನ ಅನಿಸಿಕೆ.

ಮನೆಗೆ ಬಂದು ಮಾಡುವ ಆರೈಕೆಯ ಕುರಿತು ನೈಸ್‌ನ 2015ರ ಮಾರ್ಗಸೂಚಿಯೂ ಇದೆ. ಭೇಟಿ ಸಾಮಾನ್ಯವಾಗಿ ಅರ್ಧ ಗಂಟೆಗಿಂತ ಕಡಿಮೆಯಿರಬಾರದು, ಆದಷ್ಟೂ ಪರಿಚಿತರೇ ಬರಬೇಕು, ಆರೈಕೆಯ ಯೋಜನೆ ಮತ್ತು ದಿನಚರಿ ಮನೆಯಲ್ಲೇ ಇರಬೇಕು ಎಂಬುದು ಅದರ ಆಶಯ. ಹೋಮ್ ನರ್ಸ್ ಎನಿಸಿಕೊಂಡವರಲ್ಲಿ ಹಲವರು ನರ್ಸಿಂಗ್ ಓದಿದವರಲ್ಲ. ಹೇಳಿಕೊಡುವವರಿಲ್ಲದಿದ್ದರೆ ಅವರನ್ನು ದೂರಿ ಫಲವಿಲ್ಲ. ಆದ್ದರಿಂದ ಯಾವ ತರಬೇತಿ ಕೊಟ್ಟಿದ್ದೀರಿ, ರಜೆಯ ದಿನ ಯಾರು ಬರುತ್ತಾರೆ ಎಂದು ಏಜೆನ್ಸಿಯವರನ್ನು ನೇರವಾಗಿ ಕೇಳಿ. ಮಗ್ಗುಲು ಬದಲಿಸಿದ ಹೊತ್ತು, ಊಟ, ಔಷಧಿ, ಚರ್ಮದ ಸ್ಥಿತಿ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ, ತಾಲ್ಲೂಕು ಆಸ್ಪತ್ರೆಗೋ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ಹಿಮ್ಸ್‌ಗೋ ಹೋಗುವಾಗ ಜೊತೆಗೆ ಒಯ್ಯಿರಿ. ಹಿರಿಯರ ಆರೈಕೆ, ಪಿಂಚಣಿ, ಕಾನೂನಿನ ವಿಚಾರಗಳಿಗೆ 14567 ಎಂಬ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು.