ಓಡೋ ಗಾಡಿಗೆ ವಿಂಟೇಜ್ ಪಟ್ಟ ಬೇಕಾ?

ಕಳೆದ ತಿಂಗಳು ದಾವಣಗೆರೆಯ ನನ್ನ ಕಚೇರಿಗೆ ಅಪ್ಪ–ಮಗ ಬಂದಿದ್ದರು. ಅಪ್ಪನ ಕೈಯಲ್ಲಿ ಮಡಿಕೆ ಬಿದ್ದಲ್ಲೆಲ್ಲ ಸೆಲ್ಲೋಟೇಪ್ ಅಂಟಿಸಿದ ಆರ್‌ಸಿ ಪುಸ್ತಕ, ಮಗನ ಕೈಯಲ್ಲಿ ಫೋನು. ಗಾಡಿ 1972ರ ಜಾವಾ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ನಂಬರು ಇನ್ನೂ ಹಳೇ ಮೈಸೂರು ರಾಜ್ಯದ ‘ಎಂವೈ’ ಸೀರೀಸಿನದೇ.

“ಸಾರ್, ವಿಂಟೇಜ್ ಮಾಡಿಸಿದ್ರೆ ಟ್ಯಾಕ್ಸ್ ಇಲ್ಲ, ಟೆಸ್ಟ್ ಇಲ್ಲ, ಎಲ್ಲಿ ಬೇಕಾದ್ರೂ ಓಡಿಸಬಹುದಂತೆ. ವಿಡಿಯೋ ನೋಡಿದೆ” ಅಂದ ಮಗ. ಅಪ್ಪ ಮಾತಾಡಲಿಲ್ಲ. ನಾನೇ ಕೇಳಿದೆ: “ಯಜಮಾನ್ರೇ, ಗಾಡಿ ಈಗ ಎಲ್ಲಿದೆ?”

“ಹೊರಗೇ ಐತಲ್ರೀ. ಅದ್ರಾಗೇ ಬಂದೀವಿ.”

ಅಲ್ಲಿಗೆ ನನ್ನ ಅರ್ಧ ಉತ್ತರ ಸಿಕ್ಕಿಬಿಟ್ಟಿತು.

ಮಗ ನೋಡಿದ್ದ ವಿಡಿಯೋ ಬ್ರಿಟನ್ನಿನದು. ಅಲ್ಲಿ 40 ವರ್ಷ ದಾಟಿದ ಗಾಡಿಯನ್ನು ‘ಹಿಸ್ಟಾರಿಕ್’ ಎಂದು ದಾಖಲು ಮಾಡಿಸಿದರೆ ರಸ್ತೆ ತೆರಿಗೆ ಇಲ್ಲ. ದೊಡ್ಡ ಮಾರ್ಪಾಡು ಮಾಡದೇ ಇದ್ದರೆ ವರ್ಷವರ್ಷದ ತಪಾಸಣೆಯೂ ಇಲ್ಲ. ಗಾಡಿಯನ್ನು ದಿನಾ ಓಡಿಸಬಹುದು. ಅಲ್ಲಿ ಅದು ವಿನಾಯಿತಿ. ನಮ್ಮಲ್ಲಿ ವಿಂಟೇಜ್ ಎನ್ನುವುದು ಗೌರವವೂ ಹೌದು, ಕಟ್ಟುಪಾಡೂ ಹೌದು. ವಾಹನ ವಿಮೆಯ ಸರ್ವೇಯರ್ ಆಗಿ ಹಳೇ ಗಾಡಿಗಳ ಜೊತೆ ಏಗುತ್ತಾ ಬಂದಿರುವ ನನಗೆ, ಜನ ಎಡವುವುದು ಇಲ್ಲೇ ಎಂದು ಚೆನ್ನಾಗಿ ಗೊತ್ತು.

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ಸೇರಿದ ತಿದ್ದುಪಡಿ ಹೇಳುವುದು ಇಷ್ಟು. ದ್ವಿಚಕ್ರ ಅಥವಾ ನಾಲ್ಕು ಚಕ್ರದ ಗಾಡಿಗೆ ಮೊದಲ ನೋಂದಣಿಯಿಂದ 50 ವರ್ಷ ತುಂಬಿರಬೇಕು. ಮೂಲ ರೂಪ ಉಳಿದಿರಬೇಕು. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ರಾಜ್ಯದ ಸಮಿತಿ ಗಾಡಿ ನೋಡಿ ಒಪ್ಪಬೇಕು. ನೋಂದಣಿ 10 ವರ್ಷಕ್ಕೆ. ಇದಾದ ಮೇಲೆ ಗಾಡಿಯನ್ನು ದಿನಬಳಕೆಗಾಗಲಿ ಬಾಡಿಗೆಗಾಗಲಿ ರಸ್ತೆಗೆ ತರುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ, ಇವಕ್ಕೆ ಹೋಗಿಬರಲು ಮಾತ್ರ ಅವಕಾಶ. ಮದುವೆ ಮೆರವಣಿಗೆಗೆ ಬಾಡಿಗೆಗೆ ಬಿಡೋಣ ಎಂದು ಲೆಕ್ಕ ಹಾಕುವವರು ಆ ಲೆಕ್ಕ ಅಲ್ಲಿಗೇ ಬಿಡುವುದು ಒಳ್ಳೆಯದು.

ಜಾವಾ ಯಜಮಾನರು ಇದೇ ಗಾಡಿಯಲ್ಲಿ ದಿನಾ ಬೆಳಗ್ಗೆ ತೋಟಕ್ಕೆ ಹೋಗುತ್ತಾರೆ. ವಿಂಟೇಜ್ ಮಾಡಿಸಿದರೆ ತೋಟಕ್ಕೆ ಹೋಗುವುದನ್ನು ‘ಪ್ರದರ್ಶನ’ ಅನ್ನಲಾಗುತ್ತದೆಯೇ?

ಇನ್ನು ದುಡ್ಡು. ಹೊಸದಾಗಿ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ಆಮೇಲಿನ ಮರುನೋಂದಣಿಗೆ 5,000. ವಿಂಟೇಜ್ ಗೊಡವೆಯೇ ಬೇಡ ಎಂದರೆ ಸಾಮಾನ್ಯ ದಾರಿ ಇದ್ದೇ ಇದೆ: 15 ವರ್ಷ ದಾಟಿದ ಸ್ವಂತ ಗಾಡಿಯನ್ನು ಐದೈದು ವರ್ಷಕ್ಕೆ ಫಾರಂ 25 ಹಾಕಿ ರಿನ್ಯೂವಲ್ ಮಾಡಿಸುವುದು. ಬ್ರೇಕ್ ಇನ್‌ಸ್ಪೆಕ್ಟರ್ ಒಮ್ಮೆ ಗಾಡಿ ನೋಡುತ್ತಾರೆ, ಹಳೇ ಗಾಡಿಗೆ ಹಾಕುವ ಗ್ರೀನ್ ಟ್ಯಾಕ್ಸ್ ಕಟ್ಟಬೇಕು, ಅಷ್ಟೇ. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಗಾಡಿಗಳ ರಿನ್ಯೂವಲ್ ಶುಲ್ಕ ಏರಿದೆ: ಬೈಕಿಗೆ 2,000, ಕಾರಿಗೆ 10,000. ಹತ್ತು ವರ್ಷಕ್ಕೆ ಎರಡು ಸಲ ಎಂದು ಹಿಡಿಯಿರಿ. ಬೈಕಿಗೆ 4,000 ಆಯಿತು, ವಿಂಟೇಜ್ ಆದರೆ 20,000. ಬೈಕಿನವರಿಗೆ ಇದು ದುಡ್ಡು ಉಳಿಸುವ ದಾರಿಯೇ ಅಲ್ಲ. ಕಾರಿಗೆ ಮಾತ್ರ ಮೊದಲ ಹತ್ತು ವರ್ಷ ಸಮಸಮ, ಆಮೇಲೆ ವಿಂಟೇಜೇ ಅಗ್ಗ. ಸಾಲದ್ದಕ್ಕೆ ವಿಂಟೇಜ್ ಎಂದು ನೋಂದಣಿಯಾದ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ವಿಮೆಯ (ನಮ್ಮ ಗಾಡಿಯಿಂದ ಬೇರೆಯವರಿಗಾಗುವ ನಷ್ಟದ ವಿಮೆ) ಪ್ರೀಮಿಯಂ ಅರ್ಧ. 2022ರಲ್ಲಿ ನಿಗದಿಯಾದ ದರದಂತೆ ಫಿಯೆಟ್, ಅಂಬಾಸಿಡರ್ ಬರುವ 1000–1500 ಸಿಸಿ ಗುಂಪಿಗೆ ವರ್ಷಕ್ಕೆ 3,416 ರೂಪಾಯಿ, ಅದರಲ್ಲಿ 1,708 ಉಳಿಯುತ್ತದೆ.

ಹಾಗಾಗಿ ಅಕ್ಕಿ ಗಿರಣಿಯ ಗೋದಾಮಿನಲ್ಲಿ ಟಾರ್ಪಲ್ ಹೊದ್ದು ನಿಂತ, ವರ್ಷಕ್ಕೆ ಎರಡು ಸಲ ಸ್ಟಾರ್ಟ್ ಮಾಡುವ ಅಂಬಾಸಿಡರ್ ಇದ್ದರೆ ನಾನು ಬೇರೆಯೇ ಮಾತು ಹೇಳುತ್ತೇನೆ. ನಮ್ಮ ಬಯಲುಸೀಮೆಯ ಒಣಹವೆ ಇಂಥ ಕಾರುಗಳನ್ನು ಕಾಪಾಡಿದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಫ್ಲೋರ್ ತಗಡು ಉದುರಿಹೋಗುತ್ತದೆ. ಇಲ್ಲಿ ರಬ್ಬರ್ ಸೀಳುತ್ತದೆ, ಬಣ್ಣ ಸುಣ್ಣದಂತಾಗುತ್ತದೆ, ತಗಡು ಮಾತ್ರ ಗಟ್ಟಿ.

ಆದರೆ ಬಾನೆಟ್ ಎತ್ತಿದಾಗ ನಿಜ ಹೊರಬೀಳುತ್ತದೆ. ಪೆಟ್ರೋಲ್ ದುಬಾರಿ ಎಂದು ಒಂದು ಕಾಲಕ್ಕೆ ಅಂಬಾಸಿಡರಿಗೆ, ಜೀಪಿಗೆ ಮ್ಯಾಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸುವುದು ನಮ್ಮ ಕಡೆ ಮಾಮೂಲಿಯಾಗಿತ್ತು. ಮಾಲೀಕರು ಇವತ್ತಿಗೂ ಅದನ್ನು ಹೆಮ್ಮೆಯಿಂದ ಹೇಳುತ್ತಾರೆ, “ಲೀಟರಿಗೆ ಎಷ್ಟು ಕೊಡ್ತಿತ್ತು ಗೊತ್ತೇನ್ರೀ!” ಎಂದು. ಆ ಗಾಡಿ ವಿಂಟೇಜ್ ಅಲ್ಲ. ಸವೆದ ಸಿಲಿಂಡರನ್ನು ಬೋರಿಂಗ್ ಮಾಡಿಸಿ ಪಿಸ್ಟನ್ ಬದಲಿಸಿದ್ದು ನನ್ನ ದೃಷ್ಟಿಯಲ್ಲಿ ಮಾರ್ಪಾಡಲ್ಲ, ಪೋಷಣೆ. ಎಂಜಿನ್ನೇ ಬೇರೆಯಾದರೆ ವಾದಕ್ಕೆ ಜಾಗವಿಲ್ಲ.

ವಯಸ್ಸಿನ ವಿಷಯದಲ್ಲಿ ನಾನೇ ಒಮ್ಮೆ ಮುಖಭಂಗ ಅನುಭವಿಸಿದ್ದೇನೆ. ಚಿತ್ರದುರ್ಗದ ಕಡೆಯ ಒಬ್ಬರ ಜೀಪು, ಮಿಲಿಟರಿ ಡಿಸ್ಪೋಸಲ್‌ನಲ್ಲಿ ಕೊಂಡದ್ದು. ಬಾಡಿ ಮೇಲಿನ ಪ್ಲೇಟಿನಲ್ಲಿ 1965 ಎಂದು ಅಚ್ಚು. ನೋಡಿದ್ದೇ “ಧಾರಾಳವಾಗಿ ಆಗುತ್ತೆ” ಎಂದುಬಿಟ್ಟೆ. ಅವರು ಬಂಪರಿಗೆಲ್ಲ ಬಣ್ಣ ಹೊಡೆಸಿದ ಮೇಲೆ ಆರ್‌ಸಿ ಬಿಡಿಸಿ ನೋಡಿದೆವು. ಸೇನೆಯಿಂದ ಹರಾಜಾಗಿ ಮೊದಲ ಸಲ ನೋಂದಣಿಯಾದದ್ದು 1984ರಲ್ಲಿ. ಲೆಕ್ಕಕ್ಕೆ ಬರುವುದು ತಯಾರಾದ ವರ್ಷವಲ್ಲ, ನೋಂದಣಿಯ ತಾರೀಖು. ಈಗ ನಾನು ಗಾಡಿಗಿಂತ ಮೊದಲು ಕಾಗದ ನೋಡುತ್ತೇನೆ.

ಕಾಗದ ಎಂದಾಗ ಇನ್ನೊಂದು ಮಾತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿವರೆಗೆ ನಾವು ಚಿತ್ರದುರ್ಗ ಜಿಲ್ಲೆಯವರು. ಐವತ್ತು ವರ್ಷದ ಹಿಂದಿನ ಗಾಡಿಯ ಬಿ ಎಕ್ಸ್‌ಟ್ರ್ಯಾಕ್ಟ್ (ಆರ್‌ಟಿಒ ನೋಂದಣಿ ದಾಖಲೆಯ ಪ್ರತಿ) ಇಲ್ಲಿ ಸಿಗಲಿಲ್ಲವೆಂದು ಕೈಚೆಲ್ಲಬೇಡಿ, ದುರ್ಗದಲ್ಲೂ ವಿಚಾರಿಸಿ. ಆರ್‌ಸಿ ತೀರಿಕೊಂಡ ತಾತನ ಹೆಸರಲ್ಲೇ ಇದ್ದರೆ ಮೊದಲು ಫಾರಂ 31 ಹಾಕಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ. ಮೂವರು ಅಣ್ಣತಮ್ಮಂದಿರಿದ್ದರೆ ಮೂವರೂ ಒಪ್ಪುವ ಹೊತ್ತಿಗೆ ಗಾಡಿಗೆ ಇನ್ನೆರಡು ವರ್ಷ ಹೆಚ್ಚಾಗಿರುತ್ತದೆ! ರಿನ್ಯೂವಲ್ ಮುಗಿದೇಹೋಗಿದ್ದರೆ ಬೈಕಿಗೆ ತಿಂಗಳಿಗೆ 300, ಕಾರಿಗೆ 500 ರೂಪಾಯಿ ತಡದ ಶುಲ್ಕ ಏರುತ್ತಾ ಹೋಗುತ್ತದೆ.

ಹಳೇ ನಂಬರು ಹೋಗುತ್ತದೆಂಬ ಭಯವಂತೂ ಬೇಡ. ಈಗಾಗಲೇ ನೋಂದಣಿಯಾದ ಗಾಡಿ ವಿಂಟೇಜ್ ಆದರೂ ತನ್ನ ನಂಬರನ್ನೇ ಉಳಿಸಿಕೊಳ್ಳುತ್ತದೆ. ‘ವಿಎ’ ಅಕ್ಷರವಿರುವ ಹೊಸ ನಂಬರು ಹೊಸದಾಗಿ ನೋಂದಣಿಯಾಗುವ ಗಾಡಿಗೆ ಮಾತ್ರ.

ಇದೆಲ್ಲ ಕೇಳಿಸಿಕೊಂಡ ಮಗ, “ಹಾಗಾದ್ರೆ ರಿನ್ಯೂವಲ್ಲೇ ಮಾಡ್ಸೋಣ ಬಿಡಿ ಸಾರ್” ಅಂದ. ಅಪ್ಪನ ಮುಖ ಸಡಿಲಾಯಿತು. ಹೊರಗೆ ಹೋಗಿ, ಹ್ಯಾಂಡಲ್ ಕೆಳಗಿನ ಫ್ರೇಮಿನ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ಚಾಸಿ ನಂಬರು ಒಂದೊಂದೇ ಅಂಕಿಯಾಗಿ ಮೂಡಿತು. ಪುಸ್ತಕದಲ್ಲೂ ಅದೇ ಇತ್ತು. ಫೋನಿನಲ್ಲಿ ಮಗ ತೆರೆದ ಆನ್‌ಲೈನ್ ದಾಖಲೆಯಲ್ಲಿ ಮಾತ್ರ ಕೊನೆಯ 3 ಇದ್ದ ಕಡೆ 8 ಇತ್ತು. ಅದು ತಿದ್ದುಪಡಿಯಾಗದೆ ರಿನ್ಯೂವಲ್ ಅರ್ಜಿಯೂ ಮುಂದೆ ಹೋಗುವುದಿಲ್ಲ. ಪೆನ್ಸಿಲ್ ಪ್ರಿಂಟನ್ನು ಆರ್‌ಸಿ ಪುಸ್ತಕದೊಳಗೆ ಇಟ್ಟುಕೊಟ್ಟೆ. ಮಗ ಬೆಂಗಳೂರಿಗೆ ಫೋನ್ ಮಾಡಿ ಇನ್ನೊಂದು ದಿನ ರಜೆ ಕೇಳಿದ.