ಪಾಂಟೂನ್ ಟ್ಯೂಬಿಗೆ ಬಣ್ಣ: ಹಿಡಿಯುವುದೇಕೆ, ಸುಲಿಯುವುದೇಕೆ

ಕೆಆರ್‌ಎಸ್ ಹಿನ್ನೀರು, ಕಬಿನಿ, ವರುಣಾ ಕೆರೆಯಂಥ ಸಿಹಿನೀರಿನಲ್ಲಿ ಪಾಂಟೂನ್ ಬೋಟಿನ (ಗಾಳಿ ತುಂಬಿದ ಉದ್ದನೆಯ ಟ್ಯೂಬುಗಳ ಮೇಲೆ ಚಪ್ಪಟೆ ಡೆಕ್ ಕೂರಿಸಿದ ಬೋಟು) ಅಲ್ಯೂಮಿನಿಯಂ ಟ್ಯೂಬುಗಳು ಬಾಳಿಕೆ ಬರಲು ಬಣ್ಣವೇ ಬೇಕಿಲ್ಲ. ಬಣ್ಣ ಹೊಡೆಸಲು ಬಂದವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಟ್ಯೂಬುಗಳಿಗೆ ಸಾಮಾನ್ಯವಾಗಿ ಬಳಸುವುದು 5052 ದರ್ಜೆಯ, 2ರಿಂದ 3 ಮಿ.ಮೀ. ದಪ್ಪದ ತಗಡು. ಗಾಳಿ ತಾಗಿದ ಕೂಡಲೇ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ಗೀರಿದರೆ ಮತ್ತೆ ಕಟ್ಟುತ್ತದೆ. ನೀರಿನ ಪಿಎಚ್ ಸುಮಾರು 4.5ರಿಂದ 8.5ರೊಳಗಿದ್ದರೆ ಆ ಪೊರೆ ಕರಗುವುದಿಲ್ಲ. ಸಮುದ್ರದ ಬೋಟುಗಳ ತಳಕ್ಕೆ ಕಚ್ಚಿಕೊಳ್ಳುವ ಚಿಪ್ಪುಜೀವಿಗಳ ಕಾಟವೂ ಇಲ್ಲಿಲ್ಲ. ಪಾಚಿ, ಲೋಳೆ, ನೀರಿನ ಮಟ್ಟದಲ್ಲಿ ಕೂರುವ ಕಂದು ಗೆರೆ, ಇಷ್ಟೇ. ಅದಕ್ಕೆ ಪ್ರೆಷರ್ ವಾಷ್ ಸಾಕು.

ಹೊಡೆಯಲೇಬೇಕಾದ ಸಂದರ್ಭಗಳೂ ಇವೆ. ವರ್ಷಪೂರ್ತಿ ನೀರಿನಲ್ಲೇ ಕಟ್ಟಿರುವ ಬೋಟು. ಹಳೆಯ ಬಣ್ಣ ಚಕ್ಕೆಯೆದ್ದ ಬೋಟು. ತಾಮ್ರದ ಔಷಧಿ ಕುಡಿಸಿದ ಪ್ಲೈವುಡ್ ಡೆಕ್ಕಿನಿಂದ ನೀರು ತೊಟ್ಟಿಕ್ಕಿ ಮೈಯೆಲ್ಲ ಗುಳಿ ಬಿದ್ದ ಟ್ಯೂಬು. ಅಂದಕ್ಕಾಗಿ ಹೊಡೆಸುತ್ತೇವೆ ಎಂದರೂ ತಪ್ಪಿಲ್ಲ, ಮುಂದಿನ ವರ್ಷಗಳ ದುರಸ್ತಿ ಖರ್ಚು ಗೊತ್ತಿದ್ದರೆ ಸರಿ. ಆದರೆ ಚಿಪ್ಪುಜೀವಿಗಳು ಕಚ್ಚದಂತೆ ಕರಾವಳಿಯ ಬೋಟುಗಳಿಗೆ ಬಳಿಯುವ ಆಂಟಿಫೌಲಿಂಗ್ ಪೇಂಟನ್ನು ಮಾತ್ರ ತರಿಸಬೇಡಿ. ಅವುಗಳಲ್ಲಿ ಬಹುಪಾಲು ಕ್ಯುಪ್ರಸ್ ಆಕ್ಸೈಡ್ ಎಂಬ ತಾಮ್ರದ ಸಂಯುಕ್ತ ಇರುವಂಥವು. ತಾಮ್ರವೂ ಅಲ್ಯೂಮಿನಿಯಮ್ಮೂ ನೀರಿನಲ್ಲಿ ಜತೆಯಾದರೆ ಸವೆಯುವುದು ಅಲ್ಯೂಮಿನಿಯಂ. ಮೇಲಾಗಿ ಕೆಆರ್‌ಎಸ್, ಕಬಿನಿಯ ನೀರೇ ಮೈಸೂರಿನ ನಲ್ಲಿಗಳಿಗೆ ಬರುವುದು. ಅದಕ್ಕೆ ವಿಷ ಬಿಡುವ ಬಣ್ಣ ನಮಗೆ ಯಾಕೆ?

ಗೇಟು, ಗ್ರಿಲ್ಲು ಹೊಡೆದು ಕೈ ಪಳಗಿದ ಪೇಂಟರ್‌ಗಳು ಇಲ್ಲಿಯೂ ಅದೇ ಕ್ರಮ ಹಿಡಿಯುತ್ತಾರೆ: ಒಂದು ಸುತ್ತು ಎಮರಿ, ಮಾರನೆಯ ದಿನ ರೆಡ್ ಆಕ್ಸೈಡ್, ಮೇಲೆ ಎನಾಮೆಲ್. ಇದು ನೀರಿನೊಳಗೆ ಹಾಳೆ ಹಾಳೆಯಾಗಿ ಸುಲಿದು ಬರುತ್ತದೆ. ಎನಾಮೆಲ್ ನಿರಂತರ ಮುಳುಗಿರಲು ಮಾಡಿದ್ದಲ್ಲ ಎಂಬುದು ಒಂದು ಕಾರಣ. ದೊಡ್ಡ ಕಾರಣ ಆ ‘ಮಾರನೆಯ ದಿನ’. ಉಜ್ಜಿದ ಕ್ಷಣದಿಂದಲೇ ಹೊಸ ಪೊರೆ ಬೆಳೆಯತೊಡಗುತ್ತದೆ. ರಾತ್ರಿಯ ತೇವ ಕುಡಿದು ಅದು ಸಡಿಲವಾದ ಪದರವಾಗುತ್ತದೆ, ಬಣ್ಣ ಕೂರುವುದು ಲೋಹದ ಬದಲು ಈ ಪದರದ ಮೇಲೆ. ಉಜ್ಜಿದ ಮೈಗೆ ನಾಲ್ಕು ಗಂಟೆಗಳ ಅವಧಿಯೊಳಗೆ ಪ್ರೈಮರ್ ಬೀಳಬೇಕು, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ಅಷ್ಟರಲ್ಲಿ ಮುಗಿಸಲಾರದಷ್ಟು ಮೈಯನ್ನು ಉಜ್ಜಲೇಬೇಡಿ. ಇಬ್ಬರು ಕೆಲಸಗಾರರಿದ್ದರೆ ದಿನಕ್ಕೊಂದು ಟ್ಯೂಬು ಎಂದಿಟ್ಟುಕೊಳ್ಳಿ.

ಅದಕ್ಕೂ ಮೊದಲು ಸೋರಿಕೆ ನೋಡಬೇಕು. ಬಣ್ಣದ ಕೆಳಗೆ ಸೋರುವ ವೆಲ್ಡಿಂಗ್ ಬಿಟ್ಟರೆ ಹೊಡೆದದ್ದೆಲ್ಲ ದಂಡ. ಡ್ರೈನ್ ಪ್ಲಗ್ಗಿನ ತೂತಿನಿಂದ ಗಾಳಿ ಕೊಟ್ಟು ಸೋಪಿನ ನೀರು ಸವರಿ ಗುಳ್ಳೆ ನೋಡಿ. ಒತ್ತಡ 2 ಪಿಎಸ್‌ಐ ದಾಟಕೂಡದು. 60 ಸೆಂ.ಮೀ. ವ್ಯಾಸದ ಟ್ಯೂಬಿನ ಕೊನೆಯ ಮುಚ್ಚಳದ ಮೇಲೆ ಅಷ್ಟಕ್ಕೇ ಸುಮಾರು 400 ಕೆ.ಜಿ. ಬಲ ಬೀಳುತ್ತದೆ. ಕಂಪ್ರೆಸರ್ ಪೈಪನ್ನು ನೇರವಾಗಿ ಸಿಕ್ಕಿಸಿ ಮುಚ್ಚಳ ಉಬ್ಬಿಸುವುದು ಒಂದು ನಿಮಿಷದ ಕೆಲಸ. ಸೈಕಲ್ ಪಂಪೇ ವಾಸಿ.

ತೊಳೆಯುವಾಗ ಪಾಚಿ, ಗೆರೆಗಳಿಗೆ ಫಾಸ್ಫಾರಿಕ್ ಆಮ್ಲ ಇರುವ ಅಲ್ಯೂಮಿನಿಯಂ ಕ್ಲೀನರ್ ಬಳಸಿ, ಬಾಟಲಿಯಲ್ಲಿ ಹೇಳಿದಷ್ಟು ತೆಳು ಮಾಡಿ, ಕೆಳಗಿನಿಂದ ಮೇಲಕ್ಕೆ ಹಚ್ಚಿ. ಮೇಲಿನಿಂದ ಹಚ್ಚಿದರೆ ಇಳಿದ ಧಾರೆಗಳ ಗುರುತು ಉಳಿಯುತ್ತದೆ. ಒಣಗಲು ಬಿಡದೆ ತೊಳೆಯಿರಿ. ಶೌಚಾಲಯದ ಆಸಿಡ್ ಗುಳಿ ತೋಡುತ್ತದೆ, ಕಾಸ್ಟಿಕ್ ಸೋಡಾ ತಗಡನ್ನೇ ತಿನ್ನುತ್ತದೆ. ಎರಡೂ ಹತ್ತಿರ ಸುಳಿಯಬಾರದು. ಒಣಗಿದ ಮೇಲೆ ಥಿನ್ನರ್‌ನಿಂದ ಜಿಡ್ಡು ತೆಗೆಯಿರಿ: ಒಂದು ಬಟ್ಟೆ ಒದ್ದೆ, ಹಿಂದೆಯೇ ಒಣಗಿದ ಇನ್ನೊಂದು, ಎರಡನ್ನೂ ಆಗಾಗ ಬದಲಿಸುತ್ತ. ಇದು ಉಜ್ಜುವ ಮೊದಲೇ ಆಗಬೇಕು. ಉಜ್ಜಿದ ಮೇಲೆ ಮಾಡಿದರೆ ಜಿಡ್ಡು ಆಗಲೇ ಗೀರುಗಳೊಳಗೆ ಹೊಕ್ಕಿರುತ್ತದೆ.

ಉಜ್ಜಲು 80ರಿಂದ 120 ನಂಬರಿನ ಅಲ್ಯೂಮಿನಿಯಂ ಆಕ್ಸೈಡ್ ಸ್ಯಾಂಡ್‌ಪೇಪರ್, ವೆಲ್ಡಿಂಗ್ ಗೆರೆಗಳಿಗೆ ಹೊಸ ಸ್ಟೇನ್‌ಲೆಸ್ ಬ್ರಷ್. ಕಬ್ಬಿಣದ ತಂತಿ ಬ್ರಷ್ ಬೇಡ. ಅದರ ಚೂರುಗಳು ತಗಡಿನಲ್ಲಿ ನೆಟ್ಟು ಬಣ್ಣದೊಳಗೇ ತುಕ್ಕು ಹಿಡಿಯುತ್ತವೆ. ಗ್ರೈಂಡಿಂಗ್ ಕಲ್ಲು 2 ಮಿ.ಮೀ. ತಗಡಿಗೆ ಅಪಾಯ. ಸ್ಯಾಂಡ್ ಬ್ಲಾಸ್ಟಿಂಗ್‌ನವರು ಉಕ್ಕಿನ ಕಾಳು ಅಥವಾ ಕಾಪರ್ ಸ್ಲ್ಯಾಗ್ ತುಂಬಿದ್ದರೆ ಹಿಂದಕ್ಕೆ ಬನ್ನಿ. ಸಣ್ಣ ಗಾರ್ನೆಟ್ ಕಲ್ಲಿನ ಮರಳು, ಕಡಿಮೆ ಒತ್ತಡ ಆದರೆ ಪರವಾಗಿಲ್ಲ. ಹಳೆಯ ಹಳದಿ ಪ್ರೈಮರ್ ಸಿಕ್ಕಿದರೆ ಅದು ಜಿಂಕ್ ಕ್ರೋಮೇಟ್ ಇರಬಹುದು. ಆ ಧೂಳು ಕ್ಯಾನ್ಸರ್‌ಕಾರಕ, ನೀರು ಹಾಕಿಯೇ ಉಜ್ಜಿ, ಕೆಸರನ್ನು ಕೆರೆ ಏರಿಯ ಮೇಲೆ ಸುರಿಯಬೇಡಿ.

ಮೈ ಸ್ವಚ್ಛವಾಯಿತೇ ಎಂದು ತಿಳಿಯಲು ಒಂದು ಮೂಲೆಗೆ ನೀರು ಚಿಮುಕಿಸಿ. ನೀರು ಹಾಳೆಯಂತೆ ಹರಡಿ ನಿಂತರೆ ಸರಿ, ಹನಿಗಳಾಗಿ ಒಡೆದರೆ ಜಿಡ್ಡಿದೆ.

ನೀರಿನೊಳಗಿನ ಭಾಗಕ್ಕೆ ಅಲ್ಯೂಮಿನಿಯಂಗೆ ಒಗ್ಗುವ ಎರಡು ಡಬ್ಬಿಯ (ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಅದನ್ನು ಗಟ್ಟಿಯಾಗಿಸುವ ಹಾರ್ಡನರ್) ಎಪಾಕ್ಸಿ ಪ್ರೈಮರನ್ನು ನೇರವಾಗಿ ಹಚ್ಚುವುದು ಭದ್ರ. ಆಮ್ಲವಿರುವ ವಾಷ್ ಪ್ರೈಮರ್ ಲೋಹವನ್ನು ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಅದರಲ್ಲಿ ಉಳಿದ ಆಮ್ಲ ಮೇಲಿನ ಎಪಾಕ್ಸಿಯ ಹಾರ್ಡನರನ್ನು ಕೆಡಿಸಬಲ್ಲದು. ವಾಷ್ ಪ್ರೈಮರ್, ಎಪಾಕ್ಸಿ ಎರಡರ ತಯಾರಕರೂ ಒಪ್ಪಿದ್ದರೆ ಮಾತ್ರ ಆ ಜೋಡಿ. ಮೊದಲು ವೆಲ್ಡಿಂಗ್ ಗೆರೆ, ಬ್ರಾಕೆಟ್ ಮೂಲೆಗಳಿಗೆ ಬ್ರಷ್‌ನಿಂದ ಒತ್ತಿ ಒಂದು ಕೈ ಹಚ್ಚಿ, ಆಮೇಲೆ ರೋಲರ್ ಹಿಡಿಯಿರಿ. ಒಟ್ಟು ಒಣಪದರ 250–300 ಮೈಕ್ರಾನ್ ಬೇಕು, ಅಂದರೆ ಸುಮಾರು ಮೂರು ಕೋಟು.

ಲೆಕ್ಕ ಹೀಗೆ. 60 ಸೆಂ.ಮೀ. ವ್ಯಾಸ, 6 ಮೀಟರ್ ಉದ್ದದ ಟ್ಯೂಬಿಗೆ 11.3 ಚದರ ಮೀಟರ್; ಎರಡಕ್ಕೆ ಮೂತಿ, ಮುಚ್ಚಳ ಸೇರಿ 24 ಎನ್ನಿ. ಡಬ್ಬಿಯ ಮೇಲೆ ಘನಾಂಶ (ಒಣಗಿದ ಮೇಲೆ ಉಳಿಯುವ ಪಾಲು, ಗಾತ್ರದ ಲೆಕ್ಕದಲ್ಲಿ) 60 ಶೇಕಡಾ ಎಂದಿದ್ದರೆ 100 ಮೈಕ್ರಾನ್‌ಗೆ ಲೀಟರಿಗೆ 6 ಚದರ ಮೀಟರ್. ಚೆಲ್ಲಾಟ, ರೋಲರ್ ಕುಡಿದದ್ದು ಕಳೆದು ನಾಲ್ಕು ಚಿಲ್ಲರೆ ಸಿಗುತ್ತದೆ. ಒಂದು ಕೋಟ್‌ಗೆ 6 ಲೀಟರ್, ಮೂರು ಕೋಟ್‌ಗೆ 18. ಹಸಿಪದರ 165 ಮೈಕ್ರಾನ್ ಬರಬೇಕು. ಬಾಚಣಿಗೆಯಂಥ ಅಳತೆಪಟ್ಟಿ ಒತ್ತಿ ನೋಡಿ. ಥಿನ್ನರ್ ಸುರಿದು ‘ಓಡುವಂತೆ’ ಮಾಡಿದರೆ ಈ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಕಾಲ? ಶಿವರಾತ್ರಿಯಿಂದ ಯುಗಾದಿವರೆಗೆ. ತಗಡಿನ ಬಿಸಿ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು, ಗಾಳಿಯ ತೇವಾಂಶ 85 ಶೇಕಡಾ ಒಳಗಿರಬೇಕು. ಮಳೆಗಾಲದಲ್ಲಿ ಇವೆರಡನ್ನೂ ನಂಬಲಾಗದು. ಬೆಳಿಗ್ಗೆ ಹಚ್ಚುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಟ್ಯೂಬು ಮುಚ್ಚಿದ ಡಬ್ಬಿ. ಬಿಸಿಲೇರಿದಂತೆ ಒಳಗಿನ ಗಾಳಿ ಹಿಗ್ಗಿ, ವೆಲ್ಡಿಂಗಿನ ಸೂಜಿರಂಧ್ರಗಳಿಂದ ಹೊರಟು ಹಸಿ ಬಣ್ಣದಲ್ಲಿ ಕುಳಿ ಮಾಡುತ್ತದೆ. ಪ್ಲಗ್ ತೆಗೆದಿಡಿ, ನೆರಳಿನಲ್ಲಿ, ಮಧ್ಯಾಹ್ನ ಮೂರರ ನಂತರ ತಗಡು ತಣಿಯತೊಡಗಿದಾಗ ಹಚ್ಚಿ, ಇಬ್ಬನಿಗೆ ಮುಂಚೆ ಕೈಗೆ ಅಂಟದಷ್ಟು ಒಣಗಲಿ. ಬೆರೆಸಿದ ಎಪಾಕ್ಸಿಯ ಆಯಸ್ಸು ಬಿಸಿ 10 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಸ್ವಲ್ಪ ಸ್ವಲ್ಪವೇ ಬೆರೆಸಿ. ಮುಂದಿನ ಕೋಟಿಗೆ ಡಬ್ಬಿ ಹೇಳಿದ ಗಡುವು ಮೀರಿದ್ದರೆ ಸೋಪಿನ ನೀರಿನಲ್ಲಿ ತೊಳೆದು ಮತ್ತೆ ಉಜ್ಜಲೇಬೇಕು. ತೊಳೆಯದೆ ಉಜ್ಜಿದರೆ ಮೇಲೆದ್ದ ಮೇಣದಂಥ ಪದರ ಒಳಕ್ಕೆ ಸೇರುತ್ತದೆ.

ತುಂಬಿದ ಬೋಟು ಮುಳುಗುವ ಮಟ್ಟಕ್ಕಿಂತ 5 ಸೆಂ.ಮೀ. ಮೇಲಿನವರೆಗೆ ಎಪಾಕ್ಸಿ ಮಾತ್ರ. ಅದಕ್ಕೂ ಮೇಲಿನ ಭಾಗದಲ್ಲಿ ಎಪಾಕ್ಸಿಯ ಮೇಲೆ ಪಿಯು (ಪಾಲಿಯುರೆಥೇನ್ ಬಣ್ಣ) ಎರಡು ಕೋಟು, ಏಕೆಂದರೆ ಎಪಾಕ್ಸಿ ಬಿಸಿಲಿಗೆ ಸುಣ್ಣದಂತೆ ಪುಡಿಯಾಗುತ್ತದೆ. ಪಿಯು ಹಾರ್ಡನರಿನಲ್ಲಿ ಉಸಿರಾಟಕ್ಕೆ ಹಾನಿಕರವಾದ ಐಸೊಸಯನೇಟ್ ಇದೆ. ಸ್ಪ್ರೇ ಮಾಡುವವರಿಗೆ ಮೂಗಿಗೆ ಕಟ್ಟಿದ ಕರ್ಚೀಫು ಏನೂ ಅಲ್ಲ.

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆ ಪೌಡರ್ ಕೋಟಿಂಗ್ ಮಾಡಿಸಿದರೆ ಹೇಗೆ ಎಂದು ಕೇಳುವವರಿದ್ದಾರೆ. ಆ ಒಲೆ 180ರಿಂದ 200 ಡಿಗ್ರಿ ಇರುತ್ತದೆ. ಮುಚ್ಚಿದ ಟ್ಯೂಬಿನೊಳಗಿನ ಗಾಳಿಯ ಒತ್ತಡ ಅಲ್ಲಿ 8 ಪಿಎಸ್‌ಐ ಆಸುಪಾಸಿಗೆ ಏರುತ್ತದೆ, ಮುಚ್ಚಳದ ಮೇಲೆ ಸುಮಾರು ಒಂದೂವರೆ ಟನ್ ಬಲ. ಟ್ಯೂಬು ಬಿರಿಯದಿದ್ದರೆ ಅದೃಷ್ಟ. ಬ್ರಾಕೆಟ್, ರೇಲಿಂಗುಗಳಿಗೆ ಮಾಡಿಸಿಕೊಳ್ಳಿ.

ನೀರಿಗಿಳಿಸುವ ಮೊದಲು ಏಳು ದಿನ ಬಿಡಿ. ಸಿಹಿನೀರಿಗೆ ಮೆಗ್ನೀಸಿಯಂ ಆನೋಡ್ (ಟ್ಯೂಬಿನ ಬದಲು ತಾನು ಸವೆಯುವ ಲೋಹದ ತುಂಡು) ಹಾಕಿ. ಸತುವಿನದು ಇಲ್ಲಿ ಗಟ್ಟಿ ಪದರ ಕಟ್ಟಿಕೊಂಡು ಸುಮ್ಮನಾಗುತ್ತದೆ. ಆನೋಡ್ ಮೇಲೆ ಬಣ್ಣ ಬೀಳಬಾರದು, ಅದು ಕೂರುವ ಜಾಗ ಬರಿ ಲೋಹವಾಗಿರಬೇಕು. ಸ್ಟೇನ್‌ಲೆಸ್ ಬೋಲ್ಟುಗಳಿಗೆ ನೈಲಾನ್ ವಾಷರ್ ಕೊಡಿ, ಅವುಗಳ ತಲೆಗೂ ಬಣ್ಣ ಹಚ್ಚಿ. ಟ್ಯೂಬೆಲ್ಲ ಬಣ್ಣದಲ್ಲಿದ್ದು ಬೋಲ್ಟು ಮಾತ್ರ ಬರಿದಾಗಿದ್ದರೆ, ಮುಂದೆ ಬೀಳುವ ಒಂದೇ ಗೀರಿನ ಮೇಲೆ ಸವೆತವೆಲ್ಲ ಬಂದು ಕೂರುತ್ತದೆ. ಗೀರು ಬೀಳುವುದಂತೂ ಖಂಡಿತ: ಬೇಸಿಗೆಯಲ್ಲಿ ನೀರು ಇಳಿದಾಗ ದಡದ ಬಂಡೆಗಳು ಟ್ಯೂಬಿನ ತಳಕ್ಕೆ ಸಿಗುತ್ತವೆ. ಗೀರಿನ ಅಂಚಿನಲ್ಲಿ ಬಿಳಿ ಪುಡಿಯೋ ಗುಳ್ಳೆಯೋ ಕಂಡರೆ ಬಣ್ಣ ಗಟ್ಟಿಯಾಗಿ ಹಿಡಿದಿರುವ ಜಾಗ ಸಿಗುವವರೆಗೆ ಕೆರೆದು, ಅಂಚನ್ನು ಇಳಿಜಾರಾಗಿ ಉಜ್ಜಿ, ಅದೇ ಎಪಾಕ್ಸಿಯ ಮೂರು ಕೈ ಹಚ್ಚಿ. ನಾಲ್ಕು ಗಂಟೆಯ ನಿಯಮ ಅಂಗೈಯಗಲದ ತೇಪೆಗೂ ಒಂದೇ.